ಸಹಾಯ ಬೇಕು: ಅಮೆರಿಕದ ಕ್ರಾಂತಿ ಯುದ್ಧದ ಹೆಂಗಸರು, ಗುಲಾಮರು

ಎಲ್ಲರಿಗೂ ನಮಸ್ಕಾರ. ನಾವಿರುವುದು ನ್ಯೂಜೆರ್ಸಿಯಲ್ಲಿ. ಕನ್ನಡ ತರಗತಿಯಲ್ಲಿ ಮಗಳು ಅಮೆರಿಕದ ಕ್ರಾಂತಿ ಯುದ್ಧದ ಬಗ್ಗೆ ಐದು ನಿಮಿಷ ಮಾತಾಡಬೇಕು. ವಾಷಿಂಗ್ಟನ್ ಕಥೆ ಬೇಡವಂತೆ, ಎಲ್ಲರೂ ಅದನ್ನೇ ಹೇಳುತ್ತಾರೆ ಅಲ್ವಾ.

ಡೆಬೊರಾ ಸ್ಯಾಂಪ್ಸನ್ ಅವಳಿಗೆ ತುಂಬಾ ಇಷ್ಟವಾಗಿದ್ದಾಳೆ. 1782ರಲ್ಲಿ ಗಂಡಸಿನ ವೇಷ ಹಾಕಿ, ರಾಬರ್ಟ್ ಅಂತ ಹೆಸರು ಬರೆಸಿ ಮ್ಯಾಸಚೂಸೆಟ್ಸ್ ಪಡೆ ಸೇರಿ, ಸುಮಾರು ಒಂದೂವರೆ ವರ್ಷ ಸೈನ್ಯದಲ್ಲಿದ್ದವಳು.

ತಲೆ ಕೆಟ್ಟಿರುವುದು ಗುಲಾಮರ ವಿಷಯದಲ್ಲಿ. 1775ರಲ್ಲಿ ವರ್ಜೀನಿಯಾದ ಬ್ರಿಟಿಷ್ ಗವರ್ನರ್ ಡನ್‌ಮೋರ್, ದಂಗೆ ಎದ್ದ ಮಾಲೀಕರನ್ನು ಬಿಟ್ಟು ಬ್ರಿಟಿಷರ ಕಡೆ ಬಂದು ಕಾದಾಡುವ ಗುಲಾಮರಿಗೆ ಬಿಡುಗಡೆ ಅಂದ. 1778ರಲ್ಲಿ ಅಮೆರಿಕದ ಕಡೆಯ ರೋಡ್ ಐಲೆಂಡ್ ರಾಜ್ಯ ಕೂಡ, ಸೈನ್ಯಕ್ಕೆ ಸೇರಿದರೆ ಬಿಡುಗಡೆ ಅಂದಿತು. ಹಾಗಾಗಿ ಅವರು ಎರಡೂ ಕಡೆ ಇದ್ದರು. "ಹಾಗಾದ್ರೆ ಒಳ್ಳೆಯವರು ಯಾರು?" ಅಂತ ಕೇಳುತ್ತಾಳೆ, ಹತ್ತು ವರ್ಷದ ಮಗುವಿಗೆ ಏನು ಹೇಳಲಿ? ಅಲ್ಲಿನ ಮೂಲನಿವಾಸಿಗಳಲ್ಲೂ ಒನೈಡಾ ಜನ ಅಮೆರಿಕದ ಕಡೆ, ಮೊಹಾಕರು ಹೆಚ್ಚಾಗಿ ಬ್ರಿಟಿಷರ ಕಡೆ. ಇದನ್ನೂ ಸೇರಿಸಿದರೆ ಜಾಸ್ತಿ ಆಗುತ್ತಾ?

ಇನ್ನು ಪದಗಳು. ಲಾಯಲಿಸ್ಟ್, ಅಂದರೆ ಬ್ರಿಟಿಷ್ ರಾಜನ ಪರ ಇದ್ದ ಅಮೆರಿಕದವರಿಗೆ ರಾಜನಿಷ್ಠರು ಸರಿನಾ? ಸೈನ್ಯದ ಹಿಂದೆಯೇ ಹೋಗಿ ಅಡುಗೆ, ಬಟ್ಟೆ ಒಗೆಯುವುದು, ಗಾಯಾಳುಗಳ ಆರೈಕೆ ಎಲ್ಲ ಮಾಡುತ್ತಿದ್ದ ಹೆಂಗಸರಿಗೆ ಏನನ್ನಬೇಕು? ಪಾಳೆಯದ ಹೆಂಗಸರು ಅಂದರೆ ಬೇರೆ ಅರ್ಥ ಬಂದೀತು ಅಂತ ಸುಮ್ನೆ ಭಯ. ಶನಿವಾರದೊಳಗೆ ಹೇಳಿ ಪ್ಲೀಸ್.