ಪದ್ಯ ವಿಶ್ಲೇಷಣೆಗೆ ಎಕ್ಸಾಮಲ್ಲಿ ಟೈಮೇ ಸಾಲಲ್ಲ, ನೀವು ಹೇಗೆ ಬರೀತೀರಾ?

ಕನ್ನಡ ಎಂ.ಎ. ಪೇಪರ್ ಮುಗಿಸಿ ಈಗಷ್ಟೇ ಬಂದೆ, ತಲೆ ಇನ್ನೂ ಅಲ್ಲೇ ಇದೆ. ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳೋ ಕಡೆಯಿಂದ ಕುಮಾರವ್ಯಾಸನ ಒಂದು ಪದ್ಯ ಕೊಟ್ಟಿದ್ರು. ಆರು ಸಾಲಿನ ಭಾಮಿನಿ ಷಟ್ಪದಿ ಛಂದಸ್ಸು ಅಂತ ಗೊತ್ತೇ ಇತ್ತು, ಆದ್ರೂ ಪೆನ್ಸಿಲ್ ಹಿಡ್ಕೊಂಡು 3-4-3-4 ಮಾತ್ರೆ ಗಣ ಅಂತ ಲಘು (ಒಂದು ಮಾತ್ರೆ) ಗುರು (ಎರಡು ಮಾತ್ರೆ) ಗುರುತು ಹಾಕ್ತಾ ಕೂತೆ, ಮೂರನೇ ಸಾಲಲ್ಲಿ 23 ಮಾತ್ರೆ ಬರೋ ಕಡೆ 22 ಬಂತು, ಮತ್ತೆ ಮೊದಲಿಂದ ಎಣಿಸ್ದೆ, ನೋಡಿದ್ರೆ ಒತ್ತಕ್ಷರದ ಹಿಂದೆ ಗುರು ಆಗ್ಬೇಕಿದ್ದ ಅಕ್ಷರನ ಲಘು ಮಾಡ್ಬಿಟ್ಟಿದ್ದೆ. ಅಷ್ಟರಲ್ಲಿ 20 ನಿಮಿಷ ಹೋಯ್ತು. ಕರ್ಣನ ಸಂಕಟದ ಬಗ್ಗೆ ಬರೆದಿದ್ದು ಬರೀ ಅರ್ಧ ಪುಟ. ತುಂಬಾ ಬೇಜಾರಾಗಿದೆ.

ಉತ್ತರ 1:
ನಂಗೂ ಹೋದ್ವರ್ಷ ಹೀಗೇ ಆಗಿತ್ತು. ಮೊದಲ ಮೂರು ಸಾಲಿಗೆ ಪ್ರಸ್ತಾರ (ಈ ಲಘು ಗುರು ಗುರುತು) ಹಾಕಿದ್ರೆ ಸಾಕು, ಉಳಿದ ಮೂರು ಅದೇ ಅಳತೆ ಅಲ್ವಾ. ಯಾರು ಯಾರಿಗೆ ಹೇಳ್ತಿದಾರೆ, ಯಾಕೆ ಈಗ ಹೇಳ್ತಿದಾರೆ, ಅದನ್ನ ಮೊದಲು ಬರೀರಿ.

ಉತ್ತರ 2:
ನಮ್ಮಜ್ಜಿ ಗಮಕ, ಅಂದ್ರೆ ಕಾವ್ಯನ ರಾಗವಾಗಿ ಓದೋದು, ಕೇಳ್ಕೊಂಡು ಬೆಳೆದೋಳು ನಾನು, ಅದಕ್ಕೆ ಎಕ್ಸಾಮ್ ಹಾಲ್‌ನಲ್ಲಿ ಕೂತು ಪದ್ಯನ ಎರಡು ಸಲ ತುಟಿಯಲ್ಲೇ ಓದ್ಕೋತೀನಿ. ಕುಮಾರವ್ಯಾಸ ಸಾಲಿನ ಕೊನೇಲಿ ಎಷ್ಟೋ ಸಲ ನಿಲ್ಲೋದೇ ಇಲ್ಲ, ಪದ ಒಡೆದು ಮುಂದಿನ ಸಾಲಿಗೆ ಹೋಗತ್ತೆ, ಮಾತು ಹಾಗೇ ಉಕ್ಕಿ ಬಂದಂಗೆ. ಛಂದಸ್ಸಿಗೂ ಭಾವಕ್ಕೂ ಸಂಬಂಧ ಅಲ್ಲೇ ಸಿಗತ್ತೆ. ಆದಿಪ್ರಾಸ ಇದೆ, ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಅಂತಷ್ಟೇ ಬರೆದು ಬಿಟ್ರೆ ಏನೂ ಹೇಳಿದಂಗಾಗಲ್ಲ ಕಣ್ರೀ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಅಕ್ಕ, ಇದು ಯಾರೂ ಹೇಳಿರ್ಲಿಲ್ಲ. ಗುರುವಾರ ಪಂಪನ ಪೇಪರ್, ಕಂದ ಪದ್ಯಗಳನ್ನ ಇವತ್ತು ರಾತ್ರಿಯಿಂದ ಬಾಯಿಬಿಟ್ಟು ಓದ್ತೀನಿ.