ಒಡೆದ ದನಿಯೋ, ಜೀವಾಳವೋ? ಗಿಟಾರ್ ಆಂಪ್ಲಿಫೈಯರ್ ಕಟ್ಟುವವನಿಗೆ ಬೇಕಾದ ಒಂದು ಪದ

ಎಲ್ಲರಿಗೂ ನಮಸ್ಕಾರ.

ನನಗೆ ಒಂದು ಪದ ಬೇಕು. ಗಿಟಾರ್ ನುಡಿಸುವವರು ಬೇಕಂತಲೇ ಒರಟು ಮಾಡಿಕೊಂಡ ದನಿಗೆ 'ಡಿಸ್ಟಾರ್ಷನ್' ಅನ್ನುತ್ತಾರಲ್ಲ, ಅದಕ್ಕೆ. ಪದಕೋಶದ ಮಾತು ಗೊತ್ತಿದೆ, ಆದರೆ ಅದು ನನ್ನ ಕೆಲಸಕ್ಕೆ ಒಗ್ಗುತ್ತಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಬಿಡುವಿನ ವೇಳೆಯಲ್ಲಿ ವಾಲ್ವ್ (ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದ ಗಾಜಿನ ಬುರುಡೆಯಂಥದ್ದು) ಆಂಪ್ಲಿಫೈಯರ್ ಕಟ್ಟುತ್ತೇನೆ. ಮೊದಲು ಕಟ್ಟಿದ್ದು ಅಮೆರಿಕದ ಫೆಂಡರ್ ಕಂಪನಿಯ ಚಾಂಪ್ ಅನ್ನುವ ಪುಟ್ಟ ಮಾದರಿ, 1950ರ ದಶಕದ್ದು. ಅದರಲ್ಲಿ ಮೂರೇ ವಾಲ್ವ್. ಗಿಟಾರಿನಿಂದ ಬರುವ ಸಣ್ಣ ಸಿಗ್ನಲ್ ಹಿಗ್ಗಿಸಲು ಒಂದು 12ಎಎಕ್ಸ್7, ಸ್ಪೀಕರ್ ಅಲ್ಲಾಡಿಸುವಷ್ಟು ಬಲ ಕೊಡಲು ಒಂದು 6ವಿ6, ಎಸಿಯನ್ನು ಡಿಸಿ ಮಾಡಲು ಒಂದು 5ವೈ3. ಸುಮಾರು 5 ವ್ಯಾಟ್, 8 ಇಂಚಿನ ಒಂದು ಸ್ಪೀಕರ್. ಹೊಸಬರು ಕಲಿಯಲು ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ. ರೆಸಿಸ್ಟರ್, ಕಂಡೆನ್ಸರ್ (ಕರೆಂಟ್ ಕೂಡಿಟ್ಟುಕೊಳ್ಳುವ ಭಾಗ), ಸಾಕೆಟ್ಟು ಎಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಕ್ಕವು. ನಕ್ಷೆ ಅಮೆರಿಕದ ಕರೆಂಟಿಗೆ ಬರೆದದ್ದು, ನಮ್ಮದು 230 ವೋಲ್ಟ್. ಹಾಗಾಗಿ ಟ್ರಾನ್ಸ್‌ಫಾರ್ಮರ್ ಮಾತ್ರ ಬೇರೆ ಸುತ್ತಿಸಿಕೊಂಡೆ. ಈಗ ಇದನ್ನೆಲ್ಲ ಕನ್ನಡದಲ್ಲಿ ಒಂದು ಕೈಪಿಡಿಯಾಗಿ ಬರೆಯುತ್ತಿದ್ದೇನೆ. ಐಟಿಐ ಓದಿದ, ಗಿಟಾರಿನ ಹುಚ್ಚು ಹತ್ತಿದ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲಿ ಬೇಕಾದಷ್ಟು ಇದ್ದಾರೆ. ಅವರ ಕೈಗೆ ಸಿಗಲಿ ಅಂತ.

ಪದದ ತೊಡಕು ಶುರುವಾದದ್ದು ತಿಪಟೂರಿನಲ್ಲಿ. ಅಲ್ಲಿ ನಮ್ಮ ಸೋದರಮಾವನ ಮನೆ ಹತ್ತಿರ ಹಳೆಯ ರೇಡಿಯೋ ರಿಪೇರಿಯವರು ಒಬ್ಬರಿದ್ದಾರೆ. ವಾಲ್ವ್ ರೇಡಿಯೋ ಕಾಲದಿಂದ ಕೈ ಪಳಗಿದವರು. ನನ್ನ ಆಂಪ್ಲಿಫೈಯರ್ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು, ಅದನ್ನು ತೋರಿಸಲು ಹೋಗಿದ್ದೆ. ಅವರು ಅರ್ತ್ ವೈರು ಎಲ್ಲೆಲ್ಲಿ ಸೇರಿದೆ ಅಂತ ನೋಡಿ, ಒಂದೇ ಜಾಗಕ್ಕೆ ತಂದು ಬೆಸುಗೆ ಹಾಕಿದರು. ಗುಂಯ್ ನಿಂತಿತು. ಪರೀಕ್ಷೆಗೆ ಅಂತ ನಾನು ಗಿಟಾರ್ ಸಿಕ್ಕಿಸಿ ವಾಲ್ಯೂಮ್ ಪೂರ್ತಿ ತಿರುಗಿಸಿ ಒಂದು ತಂತಿ ಮೀಟಿದೆ. ನಾನು ಆಸೆಪಟ್ಟು ಕಟ್ಟಿದ ದನಿ ಬಂತು, ತುಂಬು ದನಿ, ಉದ್ದಕ್ಕೆ ಎಳೆದುಕೊಂಡು ಹೋಗುವ ಒರಟು ದನಿ.

ಅವರು ತಕ್ಷಣ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರು. "ಸೌಂಡು ಒಡೀತಾ ಇದೆಯಲ್ಲಪ್ಪಾ. ಸ್ಪೀಕರ್ ಹೋಗಿದೆ, ಇಲ್ಲಾಂದ್ರೆ ಕಂಡೆನ್ಸರ್ ಲೀಕು."

"ಇಲ್ಲ ಸಾರ್, ಅದು ಬೇಕಂತಲೇ ಹಾಗೆ," ಅಂದೆ.

ಅವರಿಗೆ ನಂಬಿಕೆ ಬರಲಿಲ್ಲ. ಯಾಕೆ ಬರಬೇಕು? ನಮ್ಮ ಮಾತಿನಲ್ಲಿ ಸೌಂಡು ಒಡೆಯುವುದು ಅಂದರೆ ಕೆಟ್ಟಿದೆ ಅಂತಲೇ ಅರ್ಥ. ಮೈಕ್ ಸೆಟ್‌ನವರು, ಭಜನೆ ಮಂಡಳಿಯವರು, ಮದುವೆ ಮನೆಯವರು ಎಲ್ಲರೂ ಹೀಗೇ ಹೇಳುತ್ತಾರೆ. ಒಡಕು ಮಡಕೆ, ಒಡಕು ದನಿ, ಗಂಟಲು ಒಡೆದಿದೆ, ಯಾವುದರಲ್ಲೂ ಮೆಚ್ಚುಗೆ ಇಲ್ಲ. ಬೇಕಂತಲೇ ತರಿಸಿಕೊಂಡ ದನಿಗೆ ಆ ಪದ ಹಾಕಿದರೆ ಓದುವ ಹುಡುಗ ಮೊದಲು ಸ್ಪೀಕರನ್ನೇ ಬಿಚ್ಚುತ್ತಾನೆ.

ಪಾರಿಭಾಷಿಕ ಪದಗಳ ದಾರಿ ಹಿಡಿದರೆ 'ವಿಕೃತಿ', 'ವಿರೂಪ' ಸಿಗುತ್ತವೆ. ಅಲ್ಲೂ ಬೈಗುಳವೇ. ಜೊತೆಗೆ 'ವಿಕೃತ'ಕ್ಕೆ ನಮ್ಮ ಸಂಗೀತದಲ್ಲಿ ಬೇರೆ ಕೆಲಸ ಇದೆ. ಸ ಮತ್ತು ಪ ಬಿಟ್ಟು ಉಳಿದ ಸ್ವರಗಳಿಗೆ ವಿಕೃತಿ ಭೇದ ಅಂತ ಪಾಠದಲ್ಲಿ ಹೇಳಿಕೊಡುತ್ತಾರೆ. ಸಂಗೀತಗಾರರಿಗೆ ಅಂತ ಬರೆಯುವ ಪುಸ್ತಕದಲ್ಲಿ ಅದೇ ಪದ ಇನ್ನೊಂದು ಅರ್ಥದಲ್ಲಿ ಬಂದರೆ ಗೊಂದಲ ಖಂಡಿತ.

'ಹರಿದ ದನಿ' ಅನ್ನಬಹುದಾ ಅಂತಲೂ ಯೋಚಿಸಿದೆ. ಇದಕ್ಕೆ ನಿಜವಾದ ಹಿನ್ನೆಲೆ ಇದೆ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತಮ್ಮ ಪುಟ್ಟ ಆಂಪ್ಲಿಫೈಯರಿನ ಸ್ಪೀಕರಿನ ಕಾಗದದ ಕೋನನ್ನು ಬ್ಲೇಡಿನಿಂದ ಸೀಳಿಬಿಟ್ಟರು. ಹರಿದ ಕಾಗದ ಅದುರಿ ಬಂದ ದನಿಯನ್ನೇ ರೆಕಾರ್ಡ್ ಮಾಡಿದರು. ಅಲ್ಲಿ ದನಿ ನಿಜಕ್ಕೂ ಹರಿದದ್ದು. ಆದರೆ ಈಗ ನಾವು ಕಟ್ಟುವುದರಲ್ಲಿ ಏನೂ ಹರಿಯುವುದಿಲ್ಲ. ವಾಲ್ವ್ ಕೊಡಬಲ್ಲಷ್ಟಕ್ಕಿಂತ ಜಾಸ್ತಿ ಕೇಳಿದಾಗ ಅಲೆಯ ನೆತ್ತಿ ಚಪ್ಪಟೆ ಆಗುತ್ತದೆ. ಗುಂಡಗಿದ್ದ ಗುಡ್ಡವನ್ನು ಮೇಲಿನಿಂದ ಸವರಿದ ಹಾಗೆ. ಹಾಗೆ ಚಪ್ಪಟೆಯಾದಾಗ ಮೂಲ ಸ್ವರದ ಮೇಲೆ ಹೊಸ ಸ್ವರಗಳು ಹುಟ್ಟುತ್ತವೆ. ಎರಡು ಪಟ್ಟು ವೇಗದ್ದು ಮೇಲಿನ ಷಡ್ಜ. ಮೂರು ಪಟ್ಟಿನದು ಅದರ ಮೇಲಿನ ಪಂಚಮ. ಚಾಂಪ್‌ನಂಥ ಒಂದೇ 6ವಿ6 ಇರುವ ಆಂಪ್ಲಿಫೈಯರಿನಲ್ಲಿ ಆ ಮೇಲಿನ ಷಡ್ಜ ಚೆನ್ನಾಗಿ ಸೇರುತ್ತದೆ. ಅದಕ್ಕೇ ದನಿ ತುಂಬಿಕೊಂಡ ಹಾಗೆ ಕೇಳುವುದು.

ಇದನ್ನೇ ಆ ರಿಪೇರಿಯವರಿಗೆ ನನಗೆ ಬಂದಷ್ಟು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಇನ್ನೊಮ್ಮೆ ಮೀಟು ಅಂದರು. ಮೀಟಿದೆ. ಆಮೇಲೆ ಕೇಳಿದರು: "ತಂಬೂರಿಗೆ ದಾರ ಇಡ್ತಾರಲ್ಲ, ಹಂಗಾ?"

ಎರಡು ವರ್ಷದಿಂದ ಹುಡುಕುತ್ತಿದ್ದದ್ದು ಆ ಒಂದು ಪ್ರಶ್ನೆಯಲ್ಲಿ ಇತ್ತು.

ತಂಬೂರಿಯ ಕುದುರೆಯ (ತಂತಿಗಳು ಹಾದುಹೋಗುವ ಬ್ರಿಡ್ಜ್) ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಜಾಗದಲ್ಲಿ ದನಿ ಇದ್ದಕ್ಕಿದ್ದಂತೆ ಅರಳುತ್ತದೆ. ಅದಕ್ಕೆ ಜೀವಾಳ ಅನ್ನುತ್ತಾರೆ. ಹಿಂದುಸ್ತಾನಿಯವರು ಜವಾರಿ ಅನ್ನುತ್ತಾರೆ. (ನಮ್ಮ ಉತ್ತರ ಕರ್ನಾಟಕದ ಜವಾರಿ ಕೋಳಿ, ಜವಾರಿ ಬೆಳ್ಳುಳ್ಳಿಯ ಜವಾರಿ ಬೇರೆ.) ಅಲ್ಲಿ ಆಗುವುದೂ ಇದೇ. ತಂತಿ ಅದುರುವಾಗ ಅಗಲವಾದ ಕುದುರೆಯ ಬೆನ್ನನ್ನು ಸವರಿಕೊಂಡು ಹೋಗುತ್ತದೆ. ಆ ಸವರುವಿಕೆಯಿಂದ ಮೇಲಿನ ಸ್ವರಗಳು ಮತ್ತೆ ಮತ್ತೆ ಹುಟ್ಟುತ್ತವೆ. 1921ರಲ್ಲಿ, ಕಲ್ಕತ್ತಾದಲ್ಲಿದ್ದಾಗ, ಸಿ. ವಿ. ರಾಮನ್ ತಂಬೂರಿ ಮತ್ತು ವೀಣೆಯ ಈ ಕುದುರೆಯ ಬಗ್ಗೆಯೇ ಬರೆದಿದ್ದರು. ತಂತಿಯನ್ನು ಒಂದು ಜಾಗದಲ್ಲಿ ಮೀಟಿದರೆ, ಯಾವ ಮೇಲಿನ ಸ್ವರ ಹುಟ್ಟಲು ತಂತಿ ಆ ಜಾಗದಲ್ಲಿ ಅಲುಗಾಡದೆ ಇರಬೇಕೋ ಆ ಸ್ವರ ಕೇಳಬಾರದು ಅಂತ ಆಗ ಒಪ್ಪಿದ್ದ ನಿಯಮ. ತಂಬೂರಿಯಲ್ಲಿ ಅದೂ ಕೇಳುತ್ತದೆ ಅಂತ ಅವರು ತೋರಿಸಿದರು.

ಇನ್ನೂ ಒಂದು ಹೋಲಿಕೆ ಇದೆ, ಇದು ನನಗೆ ಬಹಳ ಇಷ್ಟ. ದನಿ ಜೋರಾಗಿ ಒರಟು ಮಾಡಿಕೊಂಡ ಗಿಟಾರಿನಲ್ಲಿ ಪೂರ್ತಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ನುಡಿಸಿದರೆ ಕಲಸಿಹೋಗುತ್ತದೆ. ಅದಕ್ಕೆ ಅವರು ಸ, ಪ, ಮೇಲಿನ ಸ ಅಷ್ಟನ್ನೇ ಹಿಡಿಯುತ್ತಾರೆ. ಗಾಂಧಾರ ಬಿಡುತ್ತಾರೆ. ನಮ್ಮ ತಂಬೂರಿಯ ನಾಲ್ಕು ತಂತಿಯಲ್ಲೂ ಸಾಮಾನ್ಯವಾಗಿ ಪ ಮತ್ತು ಸ ಮಾತ್ರ. ಗಾಂಧಾರಕ್ಕೆ ಅಂತ ಸಾಮಾನ್ಯವಾಗಿ ತಂತಿ ಕಟ್ಟುವುದಿಲ್ಲ, ಆದರೆ ಜೀವಾಳ ಚೆನ್ನಾಗಿ ಕೂತ ತಂಬೂರಿಯಲ್ಲಿ ಅಂತರ ಗಾಂಧಾರ ತಾನಾಗಿ ಕೇಳುತ್ತದೆ.

ಹಾಗಾದರೆ 'ಜೀವಾಳ' ಅಂತಲೇ ಬರೆದುಬಿಡಬಹುದಲ್ವಾ? ಇಲ್ಲೇ ನಾನು ನಿಂತಿದ್ದೇನೆ. ತೊಂದರೆ ಎರಡು. ಇವತ್ತಿನ ಕನ್ನಡದಲ್ಲಿ ಜೀವಾಳ ಅಂದರೆ ತಿರುಳು, ಸಾರ, ಆಧಾರ. 'ಬೇಸಾಯವೇ ಈ ಊರಿನ ಜೀವಾಳ' ಅನ್ನುತ್ತೇವೆ. 'ಜೀವಾಳದ ಗುಬ್ಬಿ (ತಿರುಗಿಸುವ ನಾಬ್) ಜಾಸ್ತಿ ಮಾಡಿ' ಅಂತ ಕೈಪಿಡಿಯಲ್ಲಿ ಬರೆದರೆ ಎಷ್ಟು ಜನಕ್ಕೆ ಹೊಳೆಯುತ್ತದೆ? ಎರಡನೆಯದು, ಜೀವಾಳ ಮೆದುವಾದ ಗುಣ. ಗಿಟಾರಿನವರಿಗೆ ಮೂರು ಹಂತ ಇದೆ. ಅಂಚಿನಲ್ಲಿ ಸ್ವಲ್ಪ ಒರಟಾದದ್ದು ಓವರ್‌ಡ್ರೈವ್. ಪೂರ್ತಿ ಒರಟಾದದ್ದು ಡಿಸ್ಟಾರ್ಷನ್. ಕಂಬಳಿ ಹೊದಿಸಿದ ಜೇನುಗೂಡಿನ ಹಾಗೆ ಗುಂಯ್‌ಗುಡುವುದು ಫಜ್. ಮೂರಕ್ಕೂ ಜೀವಾಳ ಅನ್ನಲು ನನ್ನ ಕಿವಿ ಒಪ್ಪುವುದಿಲ್ಲ.

ಸದ್ಯಕ್ಕೆ ನಾನು ಅಂದುಕೊಂಡಿರುವುದು ಹೀಗೆ. ಮೊದಲನೆಯದಕ್ಕೆ 'ಜೀವಾಳ'. ಎರಡನೆಯದಕ್ಕೆ, ಮೂರನೆಯದಕ್ಕೆ 'ಗೊಗ್ಗರು'. ಗೊಗ್ಗರು ದನಿ ಅಂದರೆ ನಮಗೆಲ್ಲ ಗೊತ್ತು. ಅದು ಇಂಪಲ್ಲ, ಆದರೆ ಕೆಟ್ಟುಹೋದದ್ದೂ ಅಲ್ಲ. ಗೊಗ್ಗರು ದನಿಯ ಹಾಡುಗಾರರನ್ನು ಇಷ್ಟಪಟ್ಟು ಕೇಳುವವರು ಇದ್ದಾರೆ. 'ಒಡೆ' ಅನ್ನುವುದನ್ನು ನಿಜವಾದ ದೋಷಕ್ಕೇ ಬಿಡೋಣ. ಕೋನ್ ಹರಿದಾಗ, ಸ್ಪೀಕರಿನೊಳಗಿನ ವಾಯ್ಸ್ ಕಾಯಿಲ್ (ತಂತಿಯ ಸುರುಳಿ) ಉಜ್ಜುವಾಗ, ಡ್ರೈ ಸೋಲ್ಡರ್ ಆಗಿ, ಅಂದರೆ ಬೆಸುಗೆ ಸರಿಯಾಗಿ ಹಿಡಿಯದೆ, ದನಿ ಬಿಟ್ಟು ಬಿಟ್ಟು ಬರುವಾಗ ಒಡೆಯುತ್ತಿದೆ ಅನ್ನಲಿ. ಆಗ ರಿಪೇರಿಯವರಿಗೂ ನುಡಿಸುವವರಿಗೂ ಮಾತು ಕೂಡುತ್ತದೆ.

ಇನ್ನೊಂದು ಪದದಿಂದ ನನಗೆ ಕಾಸೂ ಖರ್ಚಾಯಿತು, ಅದನ್ನೂ ಕೇಳಿಬಿಡುತ್ತೇನೆ. ಸ್ಪೀಕರ್ ಕೂರಿಸುವ ಮರದ ಕ್ಯಾಬಿನೆಟ್. ಮೈಕ್ ಸೆಟ್‌ನವರು ಬಾಕ್ಸ್ ಅನ್ನುತ್ತಾರೆ, 'ಎರಡು ಬಾಕ್ಸ್, ಎರಡು ಹಾರ್ನ್' ಅಂತ ಲೆಕ್ಕ. ಶ್ರುತಿ ಪೆಟ್ಟಿಗೆ ಇದೆಯಲ್ಲ ಅಂತ ನಾನು ಕನ್ನಡದಲ್ಲೇ 'ಸ್ಪೀಕರ್ ಪೆಟ್ಟಿಗೆ' ಅಂದೆ. ಬಡಗಿಯವರಿಗೆ 18 ಮಿಲಿಮೀಟರ್ ಪ್ಲೈವುಡ್ ಕೊಟ್ಟು, ಅಳತೆ ಬರೆದುಕೊಟ್ಟು ಬಂದೆ. ವಾರದ ಮೇಲೆ ಹೋದರೆ ಹಿಂಬದಿ ಪೂರ್ತಿ ಮುಚ್ಚಿ, ಫೆವಿಕಾಲ್ ಹಾಕಿ, ಮೊಳೆ ಹೊಡೆದಿದ್ದರು. ನನಗೆ ಬೇಕಿದ್ದದ್ದು ಬೆನ್ನು ತೆರೆದದ್ದು, ಫೆಂಡರ್ ಮಾಡುವ ಹಾಗೆ. "ಪೆಟ್ಟಿಗೆ ಅಂದಮೇಲೆ ಮುಚ್ಚಬೇಕಲ್ವಾ ಸಾರ್" ಅಂದರು. ಅವರ ಮಾತು ಸರಿ. ಪೆಟ್ಟಿಗೆ ಅಂದರೆ ಮುಚ್ಚುವುದೇ. ತಪ್ಪು ನನ್ನ ಪದದ್ದು.

ಈ ವ್ಯತ್ಯಾಸ ಸಣ್ಣದಲ್ಲ. ಬೆನ್ನು ತೆರೆದಿದ್ದರೆ ಸ್ಪೀಕರಿನ ಹಿಂದಿನ ಅಲೆಯೂ ಹೊರಗೆ ಬರುತ್ತದೆ. ಕೋಣೆ ತುಂಬ ಹರಡುತ್ತದೆ, ಆದರೆ ಮುಂದಿನ ಅಲೆಯನ್ನು ಸ್ವಲ್ಪ ಅಳಿಸಿ ತಗ್ಗಿನ ಸ್ವರ ತೆಳುವಾಗುತ್ತದೆ. ಮುಚ್ಚಿದ್ದರೆ ಒಳಗಿನ ಗಾಳಿ ಸ್ಪ್ರಿಂಗಿನ ಹಾಗೆ ಕೋನನ್ನು ಹಿಡಿಯುತ್ತದೆ, ತಗ್ಗಿನ ಸ್ವರ ಗಟ್ಟಿಯಾಗಿ ನೇರ ಮುಂದಕ್ಕೆ ಬರುತ್ತದೆ. ಲಂಡನ್ನಿನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರ ಹೊತ್ತಿಗೆ ಫೆಂಡರಿನದೇ ಬಾಸ್‌ಮನ್ ಅನ್ನುವ ಆಂಪ್ಲಿಫೈಯರಿನ ನಕ್ಷೆ ಹಿಡಿದು ತಮ್ಮ ಮೊದಲ ಆಂಪ್ಲಿಫೈಯರ್ ತಂದರು. ನಕ್ಷೆ ಬಹುಪಾಲು ಅದೇ. ಆದರೆ 12 ಇಂಚಿನ ನಾಲ್ಕು ಸ್ಪೀಕರನ್ನು ಬೆನ್ನು ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ಕೂರಿಸಿದರು. ದನಿ ಬೇರೆಯಾಗಲು ಅದೂ ಒಂದು ದೊಡ್ಡ ಕಾರಣ.

ಹಾಗಾಗಿ ನನ್ನ ಸೂಚನೆ: ಬೆನ್ನು ಮುಚ್ಚಿದ್ದಕ್ಕೆ 'ಪೆಟ್ಟಿಗೆ', ತೆರೆದಿದ್ದಕ್ಕೆ 'ಗೂಡು'. ದೀಪದ ಗೂಡು, ಗೋಡೆಯ ಗೂಡು ಅನ್ನುವಾಗ ಒಂದು ಕಡೆ ತೆರೆದೇ ಇರುತ್ತದೆ. 'ಗೂಡು ಮಾಡಿಕೊಡಿ' ಅಂದರೆ ಬಡಗಿ ಹಿಂದೆ ಹಲಗೆ ಹೊಡೆಯುವುದಿಲ್ಲ ಅಂತ ನನ್ನ ನಂಬಿಕೆ. ವೀಣೆಯ 'ಕೊಡ'ವನ್ನೂ ಎಳೆದು ತರಬಹುದು, ಆದರೆ ಚೌಕದ ಪ್ಲೈವುಡ್ಡಿಗೆ ಕೊಡ ಅನ್ನಲು ಮನಸ್ಸು ಬರಲಿಲ್ಲ.

ಆಂಪ್ಲಿಫೈಯರ್, ಸ್ಪೀಕರ್ ಎರಡಕ್ಕೂ ಹೊಸ ಪದ ಹುಡುಕುವ ಆಸೆ ನನಗಿಲ್ಲ. ಪತ್ರಿಕೆಗಳು ಲೌಡ್‌ಸ್ಪೀಕರಿಗೆ 'ಧ್ವನಿವರ್ಧಕ' ಅನ್ನುತ್ತವೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕಬಾರದು ಅಂತ ಓದುತ್ತೇವಲ್ಲ. ಆದರೆ ದನಿಯನ್ನು ವರ್ಧಿಸುವುದು ಆಂಪ್ಲಿಫೈಯರ್. ಸ್ಪೀಕರ್ ಅದನ್ನು ಕೇಳಿಸುತ್ತದೆ ಅಷ್ಟೇ. ಎರಡೂ ಒಂದೇ ಡಬ್ಬದಲ್ಲಿರುವ ಗಿಟಾರ್ ಆಂಪ್ಲಿಫೈಯರ್ ಬಗ್ಗೆ ಬರೆಯುವಾಗ ಈ ಪದ ಮುಟ್ಟದಿರುವುದೇ ಒಳ್ಳೆಯದು.

'ಕಂಡೆನ್ಸರ್' ವಿಷಯದಲ್ಲೂ ನಾನು ಗಟ್ಟಿ. ಇಂಗ್ಲಿಷಿನವರು ಆ ಪದ ಬಿಟ್ಟು ಕೆಪಾಸಿಟರ್‌ಗೆ ಹೋದರು, ನಮ್ಮ ರಿಪೇರಿ ಅಂಗಡಿಗಳಲ್ಲಿ ಹಳೆಯದೇ ಉಳಿದಿದೆ. ಪಠ್ಯಪುಸ್ತಕದಲ್ಲಿ 'ಧಾರಕ' ಇದೆ. ಆದರೆ ವಾಲ್ವ್ ಆಂಪ್ಲಿಫೈಯರಿನಲ್ಲಿ ಪ್ಲಗ್ ಕಿತ್ತ ಮೇಲೂ ಇದರಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ಮುಟ್ಟಿದರೆ ಪ್ರಾಣ ಹೋಗಬಹುದು. ಕೈಪಿಡಿಯ ಮೊದಲ ಪುಟದಲ್ಲೇ 'ರೆಸಿಸ್ಟರ್ ಇಟ್ಟು ಕಂಡೆನ್ಸರ್ ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಸೊನ್ನೆ ಬಂದಿದೆಯಾ ನೋಡಿ, ಆಮೇಲೆ ಕೈ ಹಾಕಿ' ಅಂತ ಬರೆದಿದ್ದೇನೆ. ಆ ಸಾಲಿನಲ್ಲಿ ಯಾರಿಗೂ ಅರ್ಥವಾಗದ ಒಂದು ಪದವೂ ಇರಬಾರದು.

ಈಗ ನಿಮ್ಮಲ್ಲಿ ಕೇಳುವುದು ಇಷ್ಟು. ತಂಬೂರಿ ಹಿಡಿಯುವವರು ಬಳಗದಲ್ಲಿದ್ದರೆ ದಯವಿಟ್ಟು ಹೇಳಿ. ನಿಮ್ಮ ಮಾತಿನಲ್ಲಿ ಜೀವಾಳ ಅಂದರೆ ಆ ದಾರವೋ, ದಾರ ಕೂತ ಮೇಲೆ ಬರುವ ದನಿಯೋ? ಅದರ ಜೊತೆ ಯಾವ ಕ್ರಿಯಾಪದ ಬರುತ್ತದೆ, ಕೂಡಿತು, ಕೂತಿತು, ಹತ್ತಿತು? ಧಾರವಾಡದ ಕಡೆ ಹಿಂದುಸ್ತಾನಿ ಕಲಿತವರು ಕನ್ನಡದಲ್ಲಿ ಮಾತಾಡುವಾಗ ಜವಾರಿ ಅಂತಲೇ ಹೇಳುತ್ತೀರಾ? ಗೊಗ್ಗರು ಅನ್ನುವುದು ಕರಾವಳಿಯಲ್ಲಿ, ಬಯಲುಸೀಮೆಯಲ್ಲಿ ಬೈಗುಳದ ಹಾಗೆ ಕೇಳುತ್ತದಾ? ಮೈಕ್ ಸೆಟ್ ಇಟ್ಟಿರುವ ನೆಂಟರು ಯಾರಾದರೂ ಇದ್ದರೆ ಅವರನ್ನೂ ಒಂದು ಮಾತು ಕೇಳಿ ನೋಡಿ, ಒಡೆಯದೆ ಒರಟಾಗುವ ದನಿಗೆ ಅವರಲ್ಲಿ ಬೇರೆ ಪದ ಇದ್ದರೂ ಇರಬಹುದು.

ಕೈಪಿಡಿಯ ಆರನೇ ಅಧ್ಯಾಯದಲ್ಲಿ ಆ ಪದ ಬರುವ ಕಡೆಯಲ್ಲೆಲ್ಲ ಗೆರೆ ಎಳೆದು ಜಾಗ ಬಿಟ್ಟಿದ್ದೇನೆ. ಉತ್ತರ ಬಂದ ಮೇಲೆ ತುಂಬುತ್ತೇನೆ.