ಅರೇಹಳ್ಳಿ ಮನೆ ಗ್ರೂಪು: ಲಕ್ವದ ಫಾರ್ವರ್ಡು

ಚಿಕ್ಕಪ್ಪ: (ಫಾರ್ವರ್ಡ್) ಲಕ್ವ ಹೊಡೆದು ಆರು ತಿಂಗಳು ದಾಟಿದ್ರೆ ಕೈಕಾಲು ಬರಲ್ಲ!! ಫಿಜಿಯೋಥೆರಪಿ ಬರೀ ದುಡ್ಡು ಮಾಡೋ ದಂಧೆ. ಎಲ್ಲರಿಗೂ ಕಳಿಸಿ 🙏

ಚಿಕ್ಕಪ್ಪ: ನಾನು ಅವತ್ತೇ ಹೇಳಿದ್ದೆ

ದಿವ್ಯ: ಬರೆದಿದ್ದು ಯಾರು ಮಾವ? ಡಾಕ್ಟ್ರ ಹೆಸರೇ ಇಲ್ವಲ್ಲ

ಚಿಕ್ಕಪ್ಪ: ನಿಂಗೆ ಎಲ್ಲದಕ್ಕೂ ಪ್ರೂಫ್ ಬೇಕು. ಅರಿಶಿನದ ಮೆಸೇಜಿಗೂ ಹಿಂಗೇ ಮಾಡ್ದೆ

ಅತ್ತೆ: ದೊಡ್ಡೋರ ಹತ್ರ ಹಿಂಗೆ ಮಾತಾಡ್ಬಾರ್ದು ದಿವ್ಯ. ಮೊದ್ಲೆಲ್ಲ ಒಬ್ರಿಗೆ ಹುಷಾರಿಲ್ಲ ಅಂದ್ರೆ ಊರಿಗೂರೇ ಬರ್ತಿತ್ತು

ರಘು: ದೊಡ್ಡಪ್ಪ ನಮ್ಮನ್ನೆಲ್ಲ ಜೀಪಿಗೆ ತುಂಬ್ಕೊಂಡು ಬೇಲೂರು ತೇರಿಗೆ ಹೋಗಿದ್ದು ನೆನಪಿದ್ಯಾ

ಸವಿತಾ: ಚಿಕ್ಕಪ್ಪ, ಅಪ್ಪನೂ ಈ ಗ್ರೂಪಲ್ಲಿದಾರೆ, ಲಕ್ವದಿಂದ ಮಾತು ಬರದೇ ಇದ್ರೂ ಓದಿದ್ದು ಅರ್ಥ ಆಗುತ್ತೆ. ಮೊದಲ ಮೂರು ತಿಂಗಳು ಬೇಗ ಸುಧಾರಿಸುತ್ತೆ, ಆಮೇಲೆ ನಿಧಾನ, ಆದ್ರೆ ನಿಂತೇ ಹೋಗುತ್ತೆ ಅಂತಿಲ್ಲ. ವ್ಯಾಯಾಮ ಬಿಟ್ರೆ ಕೈ ಬಿಗಿಯುತ್ತೆ, ಬೆಳಿಗ್ಗೆ ನೋಡಿದ್ರೆ ಹೆಬ್ಬೆರಳು ಅಂಗೈಯೊಳಗೆ ಸೇರ್ಕೊಂಡು ಉಗುರಿನ ಗುರುತು ಬಿದ್ದಿರುತ್ತೆ, ಒಂದೊಂದೇ ಬೆರಳು ಬಿಡಿಸ್ಬೇಕು. ನೀರು ಕುಡಿದ್ರೆ ಕೆಮ್ಮು ಹತ್ತುತ್ತೆ, ನೆಟ್ಟಗೆ ಕೂರಿಸಿ ಗುಟುಕು ಗುಟುಕಾಗಿ ಕೊಡ್ಬೇಕು. ಬಿಪಿ ಮಾತ್ರೆ ತಪ್ಪಿದ್ರೆ ಇನ್ನೊಂದ್ಸಲ ಹೊಡೆಯೋ ಭಯ. ಸಂಜೆ ಆದ್ರೆ ಅಳ್ತಾರೆ. ಲಕ್ವ ಆದೋರಲ್ಲಿ ಸುಮಾರು ಮೂರರಲ್ಲಿ ಒಬ್ರಿಗೆ ಡಿಪ್ರೆಷನ್ ಬರುತ್ತಂತೆ, ಅದಕ್ಕೂ ಔಷಧ ಇದೆ

ಚಿಕ್ಕಪ್ಪ: ನಾನು ಅಣ್ಣನ ಬಗ್ಗೆ ಹೇಳಲಿಲ್ಲಮ್ಮ, ಜನರಲ್ ಆಗಿ ಹಾಕಿದ್ದು

ಸವಿತಾ: ಹಂಗಾದ್ರೆ ಅವತ್ತೇ ಹೇಳಿದ್ದೆ ಅಂದಿದ್ಯಾಕೆ? ಫಿಜಿಯೋ ದುಡ್ಡು ಯಾರ ಪಾಲಿಂದ ಅಂತ ಕೇಳ್ದೋರು ನೀವೇ

ಚಿಕ್ಕಪ್ಪ: ತೋಟ ಭಾಗ ಮಾಡುವಾಗ ನಂಗೆ ಆಗಿದ್ದು ಯಾರಿಗೂ ನೆನಪಿಲ್ಲ ಬಿಡು

ಅತ್ತೆ: ಭಾಗದ ಮಾತು ಗ್ರೂಪಲ್ಲಿ ಬೇಡ ಅಂತ ಎಷ್ಟು ಸಲ ಹೇಳೋದು

ದಿವ್ಯ: ಸವಿತಕ್ಕ, ಯುಡಿಐಡಿ ಕಾರ್ಡಿಗೆ, ಅದೇ ಅಂಗವಿಕಲರ ಗುರುತಿನ ಚೀಟಿಗೆ ಹಾಕಿದ್ಯಾ? ಲಕ್ವದಿಂದ ಕೈಕಾಲು ಊನ ಆದ್ರೂ ಅರ್ಜಿ ಹಾಕ್ಬಹುದು, ಸರ್ಟಿಫಿಕೇಟಲ್ಲಿ ಊನ 40% ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಸೌಲಭ್ಯ ಸಿಗುತ್ತೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಮಾತಿನ ತರಬೇತಿಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಲಿ ವಿಚಾರಿಸು

ಸವಿತಾ: ಹೋಗ್ಬೇಕು ಕಣೆ, ಆದ್ರೆ ಕಾರಿಂದ ಇಳಿಸೋಕೆ ಇನ್ನೊಬ್ರು ಬೇಕು. ಮೈಸೂರು ಇರ್ಲಿ, ಭಾನುವಾರ ಯಾರಾದ್ರೂ ಬಂದು ಅರ್ಧ ದಿನ ಕೂತ್ರೆ ನಾನು ಸ್ವಲ್ಪ ಮಲಗ್ತಿದ್ದೆ

ರಘು: ಜೀಪಿನ ಫೋಟೋ ಸಿಕ್ತು!!

ಅತ್ತೆ: ಅಯ್ಯೋ ಅಣ್ಣ ಎಷ್ಟು ಗಟ್ಟಿಮುಟ್ಟಾಗಿದ್ದ. ಪಕ್ಕದಲ್ಲಿ ಯಾರೋ ಅದು

ಸವಿತಾ: ಭಾನುವಾರದ್ದು ಕೇಳ್ದೆ

ದಿವ್ಯ: ನಾನು ಬರ್ತೀನಿ ಅಕ್ಕ, ಹಾಸನದಿಂದ ಬೆಳಿಗ್ಗೆ ಬಸ್ಸಿಗೆ. ಬಿದ್ದುಹೋದ ಕೈ ಹಿಡಿದು ಎಳೀಬಾರ್ದು, ಭುಜ ಜಾರುತ್ತೆ ಅಂತಿದ್ಯಲ್ಲ, ಹೆಂಗೆ ಎಬ್ಬಿಸ್ಬೇಕು ಅಂತ ಹೇಳ್ಕೊಡು